ರೋಗಿ ಬಯಸಿದ್ದು ಮೆಣಸಿನಕಾಯಿ ಬಜ್ಜಿ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ ಕಟ್ಟಿದವನಿಗೆ ಒಂದು ಸಲವೂ ಜ್ವರ ಬಂದಿರಲಿಕ್ಕಿಲ್ಲ. ಜ್ವರದ ಬಾಯಿಗೆ ಹಾಲು ಅನ್ನ ಯಾರಿಗೆ ಬೇಕು ಹೇಳಿ? ಕಳೆದ ವಾರ ಮೂರು ದಿನ ಮಲಗಿದ್ದೆ. ಹೊದ್ದರೆ ಸೆಕೆ, ತೆಗೆದರೆ ಚಳಿ. ನೀರು ಕುಡಿದರೂ ಬೇವಿನ ಕಡ್ಡಿ ಅಗಿದ ಹಾಗಿತ್ತು. ಆದರೂ ಕಣ್ಣು ಮುಚ್ಚಿದರೆ ಸಾಕು, ನಮ್ಮ ಬೀದಿ ಮೂಲೆಯ ಗಾಡಿಯಲ್ಲಿ ಬಾಣಲೆಗೆ ಇಳಿಯುವ ಮೆಣಸಿನಕಾಯಿ ಬಜ್ಜಿಯ ಸದ್ದು ಕಿವಿಯಲ್ಲಿ ಕೇಳುತ್ತಿತ್ತು.

ಊರಿಂದ ಅಮ್ಮ ಫೋನ್ ಮಾಡಿದಳು. ಜ್ವರ ಎಷ್ಟಿದೆ ಅಂತ ಅವಳು ಯಾವತ್ತೂ ಕೇಳುವುದಿಲ್ಲ. 102 ಇದೆ ಅಂತ ನಾನೇ ಹೇಳಿದರೂ ಅದು ಅವಳ ಕಿವಿಗೆ ಬೀಳುವುದಿಲ್ಲ.

"ಬಾಯಿ ಹ್ಯಾಂಗಿದೆ?"

"ಕಹಿ ಅಮ್ಮ."

"ಏನು ತಿನ್ಬೇಕು ಅನ್ಸುತ್ತೆ?"

"ಏನೂ ಬೇಡ."

"ಹಾಗಾದ್ರೆ ಇನ್ನೂ ಎರಡು ದಿನ ಇದೆ ಮಾರಾಯ. ಗಂಜಿ ಕುಡಿ, ಮಲ್ಕೋ."

ಇಷ್ಟೇ ಅವಳ ತಪಾಸಣೆ. 'ಏನೂ ಬೇಡ' ಅಂದರೆ ಜ್ವರ ಜೋರಿದೆ. 'ಏನಾದ್ರೂ ಕೊಡು' ಅಂದರೆ ಇಳಿಯುತ್ತಿದೆ. 'ಇದೇನಿದು ಸಪ್ಪೆ' ಅಂತ ಬೈಯಲು ಶುರು ಮಾಡಿದರೆ ನಾಳೆ ಶಾಲೆಗೆ ಕಳಿಸಬಹುದು. ಚಿಕ್ಕಂದಿನಲ್ಲಿ ಈ ಲೆಕ್ಕ ಗೊತ್ತಿಲ್ಲದೆ ಎಷ್ಟು ರಜಾ ಕಳೆದುಕೊಂಡೆನೋ.

ನಮ್ಮ ಮಲೆನಾಡಿನ ಮನೆಯಲ್ಲಿ ಕಾಯಿಲೆಯವರಿಗೆ ಗಂಜಿ ಅಂದರೆ ಒಂದು ಹಿಡಿ ನುಚ್ಚಕ್ಕಿ, ಅದು ಮೈ ಬಿಟ್ಟು ಕರಗುವಷ್ಟು ನೀರು, ಸಣ್ಣ ಉರಿ. ಇಳಿಸಿದ ಮೇಲೆ ಉಪ್ಪು, ಮೇಲೊಂದು ಚಮಚ ತುಪ್ಪ. ಜೊತೆಗೆ ಹಪ್ಪಳ ಉಂಟು, ಆದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕೆಂಡದ ಮೇಲೆ ಸುಟ್ಟದ್ದು, ಅಲ್ಲಲ್ಲಿ ಕಪ್ಪಾಗಿ ಸೀದ ವಾಸನೆ ಬರುತ್ತಿತ್ತು. ಆಮೇಲೆ ತಟ್ಟೆಯ ಅಂಚಿನಲ್ಲಿ ಒಂದು ಮಾವಿನ ಮಿಡಿ. ಒಂದೇ ಒಂದು. ಇಡೀ ಗಂಜಿ ಖಾಲಿಯಾಗುವವರೆಗೆ ಅದನ್ನೇ ಕಚ್ಚಿ, ಚೀಪಿ, ಮತ್ತೆ ಅಂಚಿಗಿಟ್ಟು, ಕೊನೆಗೆ ಓಟೆಯಲ್ಲಿ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೂ ಇನ್ನೊಮ್ಮೆ ಚೀಪಿ ನೋಡುತ್ತಿದ್ದೆ. ನನ್ನನ್ನು ಕೇಳಿದರೆ ಗಂಜಿ ಅನ್ನುವುದು ಆ ಮಿಡಿ ನೆಂಚಿಕೊಳ್ಳಲು ಒಂದು ನೆಪ.

ಇದಕ್ಕೆ ಕಾರಣವೂ ಇದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಮೂಗಿನ ಕೆಲಸ. ನೆಗಡಿಯಾಗಿ ಮೂಗು ಕಟ್ಟಿದರೆ ಬಿಸಿಬೇಳೆಬಾತೂ ಒಂದೇ, ರಟ್ಟೂ ಒಂದೇ. ಆಗ ನಾಲಿಗೆಗೆ ಉಳಿಯುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕಾರು ಸಂಗತಿ ಮಾತ್ರ. ಮಾವಿನ ಮಿಡಿ ಉಪ್ಪು ಹುಳಿ ಎರಡನ್ನೂ ಒಟ್ಟಿಗೆ ಹೊತ್ತು ತರುತ್ತದೆ. ಖಾರವಂತೂ ರುಚಿಯೇ ಅಲ್ಲ, ಉರಿ. ಅದಕ್ಕೆ ಮೂಗಿನ ಹಂಗಿಲ್ಲ. ಕಾಳುಮೆಣಸಿನ ಸಾರು ಎರಡು ಗುಟುಕು ಒಳಗೆ ಹೋದ ತಕ್ಷಣ ಮೂಗು ಸೋರುವುದು, ಕಣ್ಣಲ್ಲಿ ನೀರು ಬರುವುದು, 'ಅಬ್ಬಾ' ಅನ್ನುವುದು ಎಲ್ಲ ಆ ಉರಿಯಿಂದಲೇ. ನೆಗಡಿ ವಾಸಿಯಾಯಿತು ಅಂತಲ್ಲ. ಸ್ವಲ್ಪ ಹೊತ್ತು ನಾನು ಬದುಕಿದ್ದೇನೆ ಅನ್ನಿಸುತ್ತದೆ, ಅಷ್ಟೇ.

ಎರಡನೇ ದಿನ ಹೊಟ್ಟೆಯೂ ಕೆಟ್ಟಿತು. ಹೆಂಡತಿ ಮೆಡಿಕಲ್ ಶಾಪಿನಿಂದ ಓಆರ್‌ಎಸ್ ಪೊಟ್ಟಣ ತಂದಳು, ನೀರಿಗೆ ಕಲಸಿ ಕುಡಿಯುವ ಉಪ್ಪು, ಗ್ಲೂಕೋಸಿನ ಪುಡಿ. ಅಮ್ಮನಿಗೆ ವಿಷಯ ಮುಟ್ಟಿತು. "ಅದಕ್ಕೆ ಯಾಕೆ ದುಡ್ಡು ಹಾಕಿದ್ರಿ? ಗಂಜಿ ತಿಳಿಗೆ ಉಪ್ಪು ಹಾಕಿದ್ರೆ ಅದೇ ಅಲ್ವಾ ಅದು?" ನನಗೆ ನಗು ಬಂತು, ಆದರೆ ಮಲಗಿದಲ್ಲೇ ಮೊಬೈಲ್ ತಿರುವುತ್ತಾ ಓದಿದ ಮೇಲೆ ನಗು ನಿಂತಿತು. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬೊಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಿದ್ದವು. ಆಗ ಡಾ. ದಿಲೀಪ್ ಮಹಾಲನಬಿಸ್ ಮತ್ತು ಅವರ ಜೊತೆಯವರು ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕಾಯಿಲೆಯವರಿಗೆ ಮನೆಯವರ ಕೈಯಲ್ಲೇ ಲೋಟ ಲೋಟ ಕುಡಿಸಿದರು. ನೂರಕ್ಕೆ 30ರವರೆಗೆ ಏರಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಗುಟ್ಟು ಇಷ್ಟೇ. ಬರೀ ಉಪ್ಪುನೀರನ್ನು ಕೆಟ್ಟ ಕರುಳು ಸರಿಯಾಗಿ ಹೀರುವುದಿಲ್ಲ, ಜೊತೆಗೆ ಗ್ಲೂಕೋಸ್ ಇದ್ದರೆ ಉಪ್ಪನ್ನೂ ಅದರ ಹಿಂದೆಯೇ ನೀರನ್ನೂ ಎಳೆದುಕೊಳ್ಳುತ್ತದೆ. ಅಕ್ಕಿಯ ಗಂಜಿ ಹೊಟ್ಟೆಯೊಳಗೆ ಒಡೆದು ಆಗುವುದೂ ಗ್ಲೂಕೋಸೇ. ಅಕ್ಕಿ ಹಿಟ್ಟಿನಿಂದಲೇ ಓಆರ್‌ಎಸ್ ಮಾಡಿ ನೋಡಿದ್ದೂ ಉಂಟು, ಕೆಲಸ ಮಾಡಿದ್ದೂ ಉಂಟು. ಪೊಟ್ಟಣದಲ್ಲಿರುವ ಪೊಟ್ಯಾಸಿಯಮ್ ಗಂಜಿಯಲ್ಲಿ ಅಷ್ಟು ಇಲ್ಲ, ಅಳತೆಯೂ ಕರಾರುವಾಕ್ಕಲ್ಲ, ಹಾಗಾಗಿ ನಾನು ಪೊಟ್ಟಣವನ್ನೇ ಕುಡಿದೆ. ಇದನ್ನು ಅಮ್ಮನಿಗೆ ಹೇಳಿಲ್ಲ. ಅವಳು ಹೇಳಿದ್ದರಲ್ಲಿ ಸತ್ಯ ಇತ್ತು ಅನ್ನುವುದನ್ನೂ ಹೇಳಿಲ್ಲ, ಹೇಳಿದರೆ ಮುಂದಿನ ಹತ್ತು ವರ್ಷ ಕೇಳಬೇಕಾಗುತ್ತದೆ.

ಗಂಜಿ ಕಾಯಿಲೆಯ ಊಟ ಅಂತ ಎಲ್ಲರ ಮುಂದೆ ಹೇಳುವ ಹಾಗೂ ಇಲ್ಲ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಮೂವರು ರೂಮ್ ಮಾಡಿಕೊಂಡಿದ್ದೆವು, ಒಬ್ಬ ಉಡುಪಿಯವನು, ಒಬ್ಬ ಮಂಡ್ಯದವನು. ಜ್ವರ ಬಂದಾಗ ನಾನು ಗಂಜಿ ಮಾಡಿಕೊಂಡರೆ ಉಡುಪಿಯವನಿಗೆ ಅವಮಾನ. "ನಾವು ದಿನಾ ಉಣ್ಣುದು ಮಾರಾಯ ಅದು, ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ. ನೀನು ಅದನ್ನು ಮದ್ದಿನ ಹಾಗೆ ಮೂಗು ಹಿಡ್ಕೊಂಡು ಕುಡಿತಿಯಲ್ಲ!" ಮಂಡ್ಯದವನ ದಾರಿಯೇ ಬೇರೆ. ಅವನ ಪ್ರಕಾರ ನೆಗಡಿಗೆ ಇರುವುದು ಎರಡೇ ಔಷಧಿ, ಒಂದು ನಾಟಿಕೋಳಿ ಸಾರು, ಇನ್ನೊಂದು ಕಾಲು ಸೂಪು. "ಗಂಜಿ ಕುಡುದ್ರೆ ಎದ್ದೇಳಕ್ಕೆ ಶಕ್ತಿ ಎಲ್ಲಿಂದ ಬಂದಾತ್ಲಾ?" ನಮ್ಮ ಮನೆಯಲ್ಲಿ ಜ್ವರದಲ್ಲಿ ಕೋಳಿ ಅಂದರೆ ಉಷ್ಣ, ಮುಟ್ಟುವ ಹಾಗಿಲ್ಲ. ಅವನ ಮನೆಯಲ್ಲಿ ಅದೇ ಪಥ್ಯ. ಬಾಳೆಹಣ್ಣು ಶೀತ ಅನ್ನುವ ಒಂದು ವಿಷಯದಲ್ಲಿ ಮಾತ್ರ ಮೂವರ ಮನೆಗಳೂ ಒಪ್ಪಿದ್ದವು. ಒಂದು ಸಲ ಮೂವರಿಗೂ ಒಟ್ಟಿಗೆ ಜ್ವರ ಬಂದು, ಯಾರ ಪಥ್ಯ ಅಂತ ಜಗಳವಾಡುವುದಕ್ಕೂ ಶಕ್ತಿ ಇಲ್ಲದೆ, ಎರಡು ದಿನ ಬ್ರೆಡ್ಡು ತಿಂದು ಮಲಗಿದ್ದೆವು.

ಹೌದು, ಬ್ರೆಡ್ಡು. ಅದನ್ನು ಮರೆತರೆ ಹೇಗೆ? ನಮ್ಮೂರಿನಲ್ಲಿ ಆಗ ಬ್ರೆಡ್ಡು ತಿಂಡಿಯಲ್ಲ, ಕಾಯಿಲೆಯ ಲಕ್ಷಣ. ಯಾರಾದರೂ ಅಂಗಡಿಯಿಂದ ಬ್ರೆಡ್ ಪೌಂಡು ಹಿಡಿದು ಬಂದರೆ ದಾರಿಯಲ್ಲಿ ನಾಲ್ಕು ಜನ ನಿಲ್ಲಿಸಿ "ಯಾರಿಗೆ ಹುಷಾರಿಲ್ಲ?" ಅಂತ ಕೇಳುತ್ತಿದ್ದರು. ಆಸ್ಪತ್ರೆಗೆ ನೋಡಲು ಹೋಗುವವರ ಚೀಲದಲ್ಲಿ ಬ್ರೆಡ್ಡು, ಮೋಸಂಬಿ ಖಾಯಂ. ಬಿಸಿ ಹಾಲಿಗೆ ಅದ್ದಿ ಬಾಯಿಗೆ ತರುವಷ್ಟರಲ್ಲಿ ಅರ್ಧ ಕಳಚಿ ಲೋಟದೊಳಗೆ ಬೀಳುತ್ತಿತ್ತು, ಅದನ್ನು ಚಮಚದಲ್ಲಿ ಹುಡುಕಿ ತೆಗೆಯುವುದೇ ಮಲಗಿದವನಿಗೆ ಒಂದು ಆಟ. ಈಗ ನಮ್ಮ ಬಡಾವಣೆಯ ಕೆಫೆಯಲ್ಲಿ ಅದೇ ಬ್ರೆಡ್ಡನ್ನು ಸುಟ್ಟು, ಮೇಲೆ ಹಸಿರು ಬೆಣ್ಣೆಹಣ್ಣು ಬಳಿದು ಮುನ್ನೂರು ರೂಪಾಯಿಗೆ ಕೊಡುತ್ತಾರೆ. ಒಂದು ಭಾನುವಾರ ಅದನ್ನು ತಿನ್ನುವಾಗ ಅಮ್ಮನ ವಿಡಿಯೋ ಕಾಲ್ ಬಂತು. ತಟ್ಟೆ ನೋಡಿದವಳೇ ಮುಖ ಸಣ್ಣ ಮಾಡಿಕೊಂಡು "ಏನಾಯ್ತು ಮಗಾ? ಹೇಳ್ಲೇ ಇಲ್ವಲ್ಲ!" ಅಂದಳು.

ಮೂರನೇ ದಿನ ಸಂಜೆ ಹೆಂಡತಿ ಗಂಜಿ ತಂದಿಟ್ಟಳು. ಎರಡು ಚಮಚ ತಿಂದು, "ಇದಕ್ಕೆ ಉಪ್ಪು ಹಾಕಿದ್ದೀಯಾ?" ಅಂತ ಕೇಳಿದೆ. ಅವಳು ಮಾತಾಡಲಿಲ್ಲ, ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಏನು ತಿನ್ಬೇಕು ಅನ್ಸುತ್ತೆ ಕೇಳು."

"ಬಜ್ಜಿ" ಅಂದೆ.

"ಜ್ವರ ಬಿಟ್ಟಿದೆ, ನಾಳೆ ಆಫೀಸಿಗೆ ಕಳ್ಸು" ಅಂತ ಫೋನ್ ಇಟ್ಟಳು. ಥರ್ಮಾಮೀಟರ್ ಇಟ್ಟು ನೋಡಿದೆವು, 98.4. ಬಜ್ಜಿ ಮಾತ್ರ ಯಾರೂ ತರಲಿಲ್ಲ.