ಲಾವಾಕ್ಕೊಂದು ವಂತಿಗೆ

ಮೊನ್ನೆಯಿಂದ ಕಾರವಾರದಿಂದ ಭಟ್ಕಳದವರೆಗಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ತಿರುಗುತ್ತಿರುವ ಆ ಲಿಂಕ್ ನಿಮಗೂ ಬಂದಿರುತ್ತದೆ. ಬಂದಿಲ್ಲ ಅಂದರೆ ನಿಮಗೆ ನೆಂಟರು ಕಡಿಮೆ. ಜಿಲ್ಲೆ ಬಿಟ್ಟು ಬೆಂಗಳೂರು ಸೇರಿದ ನಾಲ್ಕು ಹುಡುಗರು ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಾರಂತೆ. ಸ್ವತಂತ್ರ ಚಿತ್ರ. ನಿರ್ಮಾಪಕ ಇಲ್ಲ, ಚಾನೆಲ್ ಇಲ್ಲ, ಸರ್ಕಾರದ ನೆರವಿಲ್ಲ. ದುಡ್ಡೂ ಇಲ್ಲ. ಅದಕ್ಕೇ ನಮ್ಮ ನೆನಪಾಗಿದೆ.

ಒಬ್ಬ ನಿರ್ಮಾಪಕನ ಹಂಗು ಬೇಡ ಅಂತ ಎಂಟುನೂರು ಜನರ ಹಂಗಿಗೆ ಬೀಳುವುದು ಭಾರಿ ಧೈರ್ಯದ ಕೆಲಸ. ಅದರಲ್ಲೂ ಆ ಎಂಟುನೂರು ಜನ ಉತ್ತರ ಕನ್ನಡದವರು.

ಲಿಂಕಿನಲ್ಲಿ ವಂತಿಗೆಯ ಪಟ್ಟಿ ನೋಡಿದಿರಲ್ಲ. 500 ರೂಪಾಯಿಗೆ ಫೇಸ್‌ಬುಕ್ಕಿನಲ್ಲಿ ಒಂದು ಧನ್ಯವಾದ. 2,000ಕ್ಕೆ ಟೀ ಶರ್ಟು. 5,000ಕ್ಕೆ ಸಿನಿಮಾ ಮುಗಿದ ಮೇಲೆ ಓಡುವ ಹೆಸರುಗಳಲ್ಲಿ ನಿಮ್ಮದೂ ಒಂದು. 25,000ಕ್ಕೆ ಸಹ ನಿರ್ಮಾಪಕ. ಒಂದು ಲಕ್ಷಕ್ಕೆ ಕಾರ್ಯಕಾರಿ ನಿರ್ಮಾಪಕ, ಜೊತೆಗೆ ನಿರ್ದೇಶಕರೊಂದಿಗೆ ಒಂದು ಹೊತ್ತಿನ ಊಟ. ಬಿಲ್ಲು ಯಾರದ್ದು ಅಂತ ಬರೆದಿಲ್ಲ. ಲಾಭದಲ್ಲಿ ಪಾಲು ಕೇಳುವ ಹಾಗೂ ಇಲ್ಲ. ಸಿಕ್ಕ ಸಿಕ್ಕ ವೆಬ್‌ಸೈಟುಗಳಲ್ಲಿ ಜನರಿಗೆ ಷೇರು ಕೊಟ್ಟು ಬಂಡವಾಳ ಎತ್ತುವುದರ ವಿರುದ್ಧ ಷೇರುಪೇಟೆಯ ಕಾವಲು ಸಂಸ್ಥೆ ಸೆಬಿ 2016ರಲ್ಲೇ ಎಚ್ಚರಿಸಿದೆ. ಆದ್ದರಿಂದ ಇದು ದಾನ. ದಾನ ಕೊಟ್ಟವನಿಗೆ ಟೀ ಶರ್ಟು.

ಹುಡುಗರು ಊರು ಬಿಟ್ಟು ಬಹಳ ವರ್ಷ ಆಗಿರಬೇಕು. ಇಲ್ಲಿ ಟೀ ಶರ್ಟಿಗೆ ಯಾರು ದುಡ್ಡು ಕೊಡುತ್ತಾರೆ? ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಅಂದಿದ್ದರೆ ಶಿರಸಿ, ಸಿದ್ದಾಪುರ ಎರಡೇ ದಿನದಲ್ಲಿ ಗುರಿ ಮುಟ್ಟಿಸುತ್ತಿದ್ದವು. ಅಂಕೋಲೆಯ ಕರಿ ಇಶಾಡ ಮಾವು ಎರಡು ಡಜನ್ ಅಂದಿದ್ದರೆ ಲಕ್ಷ ಕೊಡುವವರೂ ಸಾಲುಗಟ್ಟುತ್ತಿದ್ದರು.

ವಂತಿಗೆ ಎತ್ತುವ ವಿದ್ಯೆಯನ್ನು ನಮಗೆ ಇಂಟರ್‌ನೆಟ್ಟು ಕಲಿಸಬೇಕಾಗಿಲ್ಲ. ರಸೀದಿ ಪುಸ್ತಕ ಹಿಡಿದು ಬರುವವರು ಮೊದಲು ದುಡ್ಡಿನ ಸುದ್ದಿ ಎತ್ತುವುದೇ ಇಲ್ಲ. ಜಗಲಿಯಲ್ಲಿ ಕೂರುತ್ತಾರೆ. ಕಷಾಯ ಕುಡಿಯುತ್ತಾರೆ. ಈ ಸಲ ಅಡಿಕೆಗೆ ಕೊಳೆರೋಗ ಜಾಸ್ತಿ ಅಲ್ವಾ ಅನ್ನುತ್ತಾರೆ. ಆಮೇಲೆ ಪುಸ್ತಕ ತೆರೆದು, ಸುಮ್ನೆ ಅನ್ನುವ ಹಾಗೆ, ಮೇಲಿನ ಮನೆಯವರು ಎಷ್ಟು ಬರೆದಿದ್ದಾರೆ ಅನ್ನುವ ಪುಟವನ್ನೇ ನಮ್ಮ ಕಡೆ ತಿರುಗಿಸಿ ಇಡುತ್ತಾರೆ. ಮೇಲಿನ ಮನೆಯವರು 1,001 ಬರೆದ ಮೇಲೆ ನೀವು 500 ಬರೆದು ಊರಲ್ಲಿ ಬದುಕಲು ಸಾಧ್ಯವೇ? ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೂ, ವರ್ಷ ವರ್ಷದ ಚೌತಿ ಪೆಂಡಾಲಿಗೂ, ಊರೊಟ್ಟಿನ ಯಕ್ಷಗಾನದ ಆಟಕ್ಕೂ ನಾವು ಕೊಟ್ಟವರೇ. ಕೊಟ್ಟ ಮೇಲೆ ನಮ್ಮ ಹೆಸರು ಮೈಕಿನಲ್ಲಿ ಬರಬೇಕು. ಇನಿಶಿಯಲ್ ತಪ್ಪಬಾರದು. ತಪ್ಪಿದರೆ ಮುಂದಿನ ವರ್ಷ ಆ ಸಮಿತಿ ಎರಡು ಹೋಳು.

ಈ ಜನರನ್ನು ನಂಬಿ ಹುಡುಗರು ಸಮುದ್ರಕ್ಕೆ ಇಳಿದಿದ್ದಾರೆ.

ಕುಮಟೆಯ ನಮ್ಮ ಭಾವ ಆಗಲೇ 5,000 ಹಾಕಿಯಾಗಿದೆ. ಹಾಕಿದ ಸಂಜೆಯೇ ನನಗೆ ಫೋನು.

“ಸಿಡಿಯೋದು ಯಾವಾಗಂತೆ?”

“ಅದನ್ನೆಲ್ಲ ಮೊದಲೇ ಹೇಳಲಿಕ್ಕೆ ಬರುವುದಿಲ್ಲ ಭಾವ.”

“ಹೇಳಲಿಕ್ಕೆ ಬರೋದಿಲ್ಲ ಅಂದ್ರೆ? ದುಡ್ಡು ತಗೊಂಡಿದ್ದಾರೆ ಮಾರಾಯ. ಚೌತಿಗೆ ಮಗ ಊರಿಗೆ ಬರ್ತಾನೆ, ಅಷ್ಟರೊಳಗೆ ಆದ್ರೆ ಎಲ್ಲರೂ ಒಟ್ಟಿಗೆ ನೋಡಬಹುದಿತ್ತು.”

ಬ್ಯಾರನ್ ದ್ವೀಪದ ಚರಿತ್ರೆಯನ್ನು ಭಾವನಿಗೆ ಹೇಗೆ ಹೇಳುವುದು? ಶ್ರೀ ವಿಜಯಪುರಂ, ಅಂದರೆ ನಮ್ಮ ಹಳೆಯ ಪೋರ್ಟ್ ಬ್ಲೇರ್, ಅಲ್ಲಿಂದ ಸುಮಾರು 140 ಕಿಲೋಮೀಟರ್ ದೂರ. ಭಾರತದಲ್ಲಿ ಜೀವಂತ ಇರುವ ಜ್ವಾಲಾಮುಖಿ ಅದೊಂದೇ. ಜನ ವಾಸ ಇಲ್ಲ, ಕಾಡು ಬಿದ್ದ ಆಡುಗಳಿವೆ. 1787ರಲ್ಲಿ ಸಿಡಿದದ್ದು ದಾಖಲಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಇನ್ನಷ್ಟು ಗುಡುಗಿ ಮಲಗಿದ್ದು, ಎದ್ದದ್ದು 1991ರಲ್ಲಿ. ನೂರೈವತ್ತು ವರ್ಷಕ್ಕೂ ಜಾಸ್ತಿ ನಿದ್ದೆ. ಈಗ ಆಗಾಗ ಏಳುತ್ತದೆ, 2025ರ ಸೆಪ್ಟೆಂಬರಿನಲ್ಲೂ ಸಣ್ಣದಾಗಿ ಕೆಮ್ಮಿತು. ಆದರೆ ಕಾಲ್‌ಶೀಟ್ ಕೊಡುವ ಅಭ್ಯಾಸ ಅದಕ್ಕಿಲ್ಲ. 2017ರ ಜನವರಿಯಲ್ಲಿ ಪಕ್ಕದ ಗೋವಾದ ಸಾಗರ ವಿಜ್ಞಾನ ಸಂಸ್ಥೆಯವರು ಸಮುದ್ರ ತಳದ ಮಾದರಿ ತೆಗೆಯಲು ಅತ್ತ ಹೋಗಿದ್ದರು. ಅವರ ಕಣ್ಣೆದುರೇ ಬೂದಿ ಕಾರಿತು. ಕೆಸರು ಹುಡುಕಲು ಹೋದವರಿಗೆ ಬೆಂಕಿ ಸಿಕ್ಕಿತು. ಬೆಂಕಿಗೆಂದೇ ವಂತಿಗೆ ಎತ್ತಿಕೊಂಡು ಹೋದವರಿಗೆ ಆಡು ಸಿಗುವ ಸಾಧ್ಯತೆ ಚೆನ್ನಾಗಿದೆ. ಅದೂ ದೂರದಿಂದ. ಹೋದವರೆಲ್ಲ ದಡಕ್ಕೆ ಇಳಿಯಲು ಅಲ್ಲಿ ಬಿಡುವುದಿಲ್ಲ.

ಇದಕ್ಕೆ ಹಿಂದಿನ ಉದಾಹರಣೆಯೂ ಇದೆ. 1976ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಲಾ ಸೂಫ್ರಿಯೆರ್ ಜ್ವಾಲಾಮುಖಿ ಇನ್ನೇನು ಸಿಡಿಯುತ್ತದೆ ಅಂತ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಊರು ಬಿಡಿಸಿದರು. ಜರ್ಮನಿಯ ನಿರ್ದೇಶಕರೊಬ್ಬರು ಇಬ್ಬರು ಕ್ಯಾಮೆರಾದವರನ್ನು ಕಟ್ಟಿಕೊಂಡು ಖಾಲಿ ಊರಿಗೆ ನುಗ್ಗಿದರು. ಮಹಾಸ್ಫೋಟ ಆಗಲೇ ಇಲ್ಲ. ಆಗದೇ ಇದ್ದದ್ದೇ ಸಿನಿಮಾ ಆಯಿತು, ದೊಡ್ಡ ಹೆಸರೂ ಬಂತು. ಅವರಿಗೆ ಕುಮಟೆಯಲ್ಲಿ ಭಾವ ಇರಲಿಲ್ಲ.

ಇನ್ನು ಲಾವಾ ನೋಡಲೇಬೇಕು ಅನ್ನುವವರಿಗೆ ಹವಾಯಿಯ ಕಿಲವೇಯ ಇದೆ. ಅಮೆರಿಕದ ಭೂವಿಜ್ಞಾನ ಇಲಾಖೆ ಅದರ ಬಾಯಿಗೇ ಕ್ಯಾಮೆರಾ ಹಿಡಿದು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತದೆ. ಬಿಟ್ಟಿ. ಟೀ ಶರ್ಟು ಒಂದು ಸಿಗುವುದಿಲ್ಲ. ಇಥಿಯೋಪಿಯಾದ ಹೈಲಿ ಗುಬ್ಬಿ ಇನ್ನೂ ಉದಾರಿ. 2025ರ ನವೆಂಬರ್ 23ರಂದು ಸಿಡಿದು ಬೂದಿಯನ್ನು ದೆಹಲಿಯ ಆಕಾಶದವರೆಗೆ ಮನೆ ಬಾಗಿಲಿಗೇ ತಲುಪಿಸಿತು. ವಿಮಾನಗಳು ರದ್ದಾದವು. ದೆಹಲಿಯವರಿಗೆ ಅವರ ಮಾಮೂಲಿ ಹೊಗೆಯ ನಡುವೆ ಇದು ಯಾವ ಹೊಗೆ ಅಂತ ಗುರುತು ಹಿಡಿಯುವುದೇ ಕಷ್ಟವಾಗಿರಬೇಕು.

ಹಾಗಂತ ಜನರ ದುಡ್ಡಿನಲ್ಲಿ ಸಿನಿಮಾ ಮಾಡುವುದು ತಪ್ಪೇನಲ್ಲ. 1976ರ ‘ಮಂಥನ’ಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟಿದ್ದರು. ಬಿಡುಗಡೆಯಾದಾಗ ಲಾರಿಗಳಲ್ಲಿ ತುಂಬಿಕೊಂಡು ಬಂದು ನೋಡಿದರು. ಆದರೆ ಅದು ಅವರದೇ ಹಾಲಿನ ಕತೆ, ಅವರದೇ ಸೊಸೈಟಿಯ ಜಗಳ. ನಮಗೂ ಜ್ವಾಲಾಮುಖಿಗೂ ಏನು ಸಂಬಂಧ?

ಈ ಪ್ರಶ್ನೆ ಬರುತ್ತದೆ ಅಂತ ಹುಡುಗರಿಗೂ ಗೊತ್ತಿತ್ತು. ಅದಕ್ಕೇ ಪೋಸ್ಟರಿನಲ್ಲಿ ಬ್ಯಾರನ್ ದ್ವೀಪದ ಪಕ್ಕ ನಮ್ಮ ಯಾಣವನ್ನು ತಂದು ನಿಲ್ಲಿಸಿದ್ದಾರೆ. ‘ನಮ್ಮ ನೆಲದ ಸತ್ತ ಜ್ವಾಲಾಮುಖಿ’ ಅಂತೆ. ಪಾಪ ಯಾಣ! ಅದು ಸುಣ್ಣಕಲ್ಲು ಮಾರಾಯರೇ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣಕಲ್ಲು. ಮಳೆ ನೀರು ತಿಂದು ತಿಂದು ಆ ಆಕಾರ ಬಂದಿದೆ. ಕಪ್ಪು ಯಾಕೆ ಅಂದರೆ ಭಸ್ಮಾಸುರ ಅಲ್ಲೇ ಉರಿದುಹೋದ ಅಂತ ನಮ್ಮಲ್ಲಿ ಕತೆ ಇದೆ. ಬೇಕಿದ್ದರೆ ಭಸ್ಮಾಸುರನ ಬಗ್ಗೆ ಸಾಕ್ಷ್ಯಚಿತ್ರ ಮಾಡಲಿ, ಕೈ ತಲೆಗೆ ಹೋದದ್ದಾದರೂ ಗ್ಯಾರಂಟಿ. ಕರಾವಳಿಯಲ್ಲೇ ಲಾವಾದ ಕಲ್ಲು ಬೇಕಿದ್ದರೆ ಮಲ್ಪೆಗೆ ಹೋಗಬೇಕು. ಅಲ್ಲಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಉಕ್ಕಿ ಆರಿದ ಲಾವಾ. ಆದರೆ ಅದು ಉಡುಪಿ ಜಿಲ್ಲೆ. ಅವರಿಗೆ ನಮಗಿಲ್ಲದ ದೊಡ್ಡ ಆಸ್ಪತ್ರೆಯೂ ಇದೆ, ಲಾವಾವೂ ಇದೆ.

ನಿಜ ಹೇಳಬೇಕೆಂದರೆ ನಮ್ಮ ಜಿಲ್ಲೆಗೆ ಜ್ವಾಲಾಮುಖಿ ಒಂದೇ ಬಾಕಿ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಡ್ಯಾಂ ಮೇಲೆ ಡ್ಯಾಂ ಬಂದವು. ಕೈಗಾದಲ್ಲಿ ಅಣುಸ್ಥಾವರ ಬಂತು. ಕಾರವಾರ, ಅಂಕೋಲೆಯ ಕಡಲು ಸೀಬರ್ಡ್ ನೌಕಾನೆಲೆಗೆ ಹೋಯಿತು. ಈಗ ಶರಾವತಿ ಕಣಿವೆಗೆ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ, ಕೇಣಿಗೆ ಬಂದರು, ಬೇಡ್ತಿ ನದಿಯನ್ನು ವರದಾ ನದಿಗೆ ತಿರುಗಿಸುವ ಯೋಜನೆ ಅಂತ ಸಾಲು ನಿಂತಿದೆ. ದೇಶಕ್ಕೆ ಏನು ಬೇಕಾದರೂ ಮೊದಲು ನಕ್ಷೆಯಲ್ಲಿ ನಮ್ಮ ಜಿಲ್ಲೆಯ ಮೇಲೇ ಬೆರಳು ಬೀಳುತ್ತದೆ.

ನಾಳೆ ದೆಹಲಿಯಿಂದ ಯಾರಾದರೂ ‘ಕರಾವಳಿ ಜ್ವಾಲಾಮುಖಿ ಯೋಜನೆ’ ಅಂತ ಕಡತ ತಂದರೆ ನೋಡಿ ಮಜಾ. ಮೊದಲು ಅಹವಾಲು ಸಭೆ. ಸಭೆಯ ಸುದ್ದಿ ಹಿಂದಿನ ದಿನ ಪೇಪರಿನ ಎಂಟನೇ ಪುಟದಲ್ಲಿ, ಲೆನ್ಸ್ ಹಾಕಿಕೊಂಡು ಓದುವ ಅಕ್ಷರದಲ್ಲಿ. ಪರಿಸರ ಪರಿಣಾಮ ವರದಿಯಲ್ಲಿ ‘ಯೋಜನಾ ಪ್ರದೇಶದಲ್ಲಿ ಹೇಳಿಕೊಳ್ಳುವಂಥ ಸಸ್ಯಸಂಪತ್ತು ಕಂಡುಬಂದಿಲ್ಲ’. ಲಾವಾ ಹರಿವಿನಿಂದ ತೋಟಗಳಿಗೆ ಖನಿಜಾಂಶ ಸಿಗುವುದರಿಂದ ಅಡಿಕೆ ಇಳುವರಿ ಹೆಚ್ಚುವ ಸಂಭವ. ಮನೆಗೊಂದು ಉದ್ಯೋಗ, ಯೋಗ್ಯತೆಗೆ ತಕ್ಕಂತೆ. ವಿರೋಧಿಸಿದವರು ಅಭಿವೃದ್ಧಿ ವಿರೋಧಿಗಳು. ಐದು ವರ್ಷದ ಮೇಲೆ ನಿರಾಶ್ರಿತರ ಕಾಲೊನಿ, ಕಾಲೊನಿಯ ನಲ್ಲಿಯಲ್ಲಿ ನೀರಿಲ್ಲ. ಮತ್ತೆ ಹತ್ತು ವರ್ಷ ಪರಿಹಾರದ ಕೇಸು. ಜ್ವಾಲಾಮುಖಿ ಅಷ್ಟರಲ್ಲಿ ಗುತ್ತಿಗೆದಾರರು ಬಿಟ್ಟುಹೋದ ಕಾರಣ ಅರ್ಧಕ್ಕೇ ನಿಂತಿರುತ್ತದೆ.

ಗುಡ್ಡ ಮಾಯ ಮಾಡುವುದರಲ್ಲೂ ನಾವು ಹಿಂದೆ ಬಿದ್ದಿಲ್ಲ. 1883ರಲ್ಲಿ ಕ್ರಕಟೋವಾ ಸಿಡಿದಾಗ ದ್ವೀಪದ ಮೂರನೇ ಎರಡು ಭಾಗ ಸಮುದ್ರ ಪಾಲಾಯಿತು, ಸದ್ದು ಸಾವಿರಾರು ಕಿಲೋಮೀಟರ್ ಕೇಳಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರಿನ ಗುಡ್ಡಗಳು ಸಮುದ್ರ ಪಾಲಾದವು. ಹಡಗಿನಲ್ಲಿ. ಕಾವಲುಗಾರರಿಗೂ ಸದ್ದು ಕೇಳಿಸಲಿಲ್ಲ.

ಇಷ್ಟು ಹೊತ್ತು ನಗುತ್ತಿದ್ದೆ. ಆ ಪ್ರಚಾರದ ವಿಡಿಯೋದಲ್ಲಿ ಒಂದು ಮಾತು ಬರುತ್ತದೆ, ಅಲ್ಲಿ ಮಾತ್ರ ನಗು ಬರಲಿಲ್ಲ. ‘ಭೂಮಿ ಸಿಟ್ಟಾದಾಗ ಏನಾಗುತ್ತದೆ ಅಂತ ನಮ್ಮ ಜನ ನೋಡಬೇಕು.’ ನಮ್ಮ ಜನ ನೋಡಿಯಾಗಿದೆ ತಮಾ. 2024ರ ಜುಲೈ 16, ಅಂಕೋಲಾ ತಾಲೂಕಿನ ಶಿರೂರು. ಚತುಷ್ಪಥಕ್ಕೆ ಅಂತ ಬುಡ ಕೊರೆದು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ಬಿಟ್ಟಿದ್ದ ಗುಡ್ಡ. ಮಳೆಗೆ ನೆನೆದು ನೆನೆದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇಳಿಯಿತು. ಚಹಾ ಅಂಗಡಿ, ಅದರೊಳಗಿನ ಸಂಸಾರ, ನಿಲ್ಲಿಸಿದ್ದ ಲಾರಿಗಳು, ಎಲ್ಲ ಹೋದವು. ಹನ್ನೊಂದು ಜೀವ. ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿ ನದಿ ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ನದಿಯ ತಳದಿಂದ ಒಂದು ಲಾರಿ ಮೇಲೆತ್ತಲು ಗೋವಾದಿಂದ ಡ್ರೆಜ್ಜರ್ ಬರಬೇಕಾಯಿತು, ಅಷ್ಟರಲ್ಲಿ ಎಪ್ಪತ್ತು ದಿನ ಕಳೆದಿತ್ತು. ಭೂಮಿಯ ಸಿಟ್ಟಂತೆ! ಭೂಮಿಗೆ ಯಾವ ಸಿಟ್ಟೂ ಇರಲಿಲ್ಲ. ಜಂಬಿಟ್ಟಿಗೆ, ಅದರಡಿ ಜೇಡಿ, ಬುಡದಲ್ಲಿ ಆಧಾರ ಇಲ್ಲ, ಮೇಲಿಂದ ಜುಲೈ ತಿಂಗಳ ಮಳೆ. ಹತ್ತನೇ ಕ್ಲಾಸಿನ ಹುಡುಗನಿಗೂ ತಿಳಿಯುವ ಲೆಕ್ಕ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಮೀನುಗಾರರು ಇದ್ದರು, ಚಾಲಕ ಬದುಕಿದ. ಟೋಲ್ ಮಾತ್ರ ಇವತ್ತಿಗೂ ಒಂದು ರೂಪಾಯಿ ಬಿಡದೆ ಕೊಡುತ್ತಿದ್ದೇವೆ. ಅದಕ್ಕಿಂತ ದೊಡ್ಡ ವಂತಿಗೆ ಯಾವುದಿದೆ? ಅದಕ್ಕೆ ಟೀ ಶರ್ಟೂ ಇಲ್ಲ.

ಗಾಯ ಆದವನನ್ನು ಮಂಗಳೂರಿಗೋ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಅಂತ ಆಂಬುಲೆನ್ಸಿನಲ್ಲಿ ಕೂತು ಯೋಚಿಸಬೇಕಾದ ಜಿಲ್ಲೆ ಇದು. ಇಲ್ಲಿ ಬಂದು ಲಾವಾಕ್ಕೆ ದುಡ್ಡು ಕೇಳುತ್ತಾರೆ. ನಮ್ಮವರು ಕೊಡುತ್ತಾರೆ ಕೂಡಾ.

ಭಾವ ನಿನ್ನೆ ಮತ್ತೆ ಫೋನು ಮಾಡಿದ್ದ. ಹಣ ಇನ್ನೂ ಅರ್ಧ ಆಗಿಲ್ಲವಂತೆ, ಗಡುವು ಮುಂದೆ ಹಾಕಿದ್ದಾರಂತೆ. ಮಳೆಗಾಲದಲ್ಲಿ ಅಂಡಮಾನಿನ ಕಡಲು ಸರಿ ಇರುವುದಿಲ್ಲ, ಅದಕ್ಕೇ ಜುಲೈಯಲ್ಲಿ ತಂಡಕ್ಕೆ ಬಿಡುವಂತೆ. ಒಳ್ಳೆಯದಾಯಿತು. ಜುಲೈಯಲ್ಲೇ ಬನ್ನಿ ಹುಡುಗರೇ. ಬೆಂಗಳೂರಿನಿಂದ ರಾತ್ರಿ ಬಸ್ಸಿದೆ. ಅಂಕೋಲೆಯಲ್ಲಿ ರೂಮು ಅಗ್ಗ, ಮೀನೂಟ ಚೆನ್ನಾಗಿದೆ. ಹಡಗು ಬೇಡ. ನೌಕಾನೆಲೆಯ ಹತ್ತಿರ ಮಾತ್ರ ಡ್ರೋನ್ ಹಾರಿಸಬೇಡಿ, ಇಳಿಸಿಕೊಂಡು ಹೋಗುತ್ತಾರೆ. ದಿನಾಂಕಕ್ಕೆ ಹವಾಮಾನ ಇಲಾಖೆಯ ರೆಡ್ ಅಲರ್ಟ್ ನೋಡಿದರೆ ಸಾಕು. ಕುಮಟೆಯಿಂದ ಕಾರವಾರದವರೆಗೆ ನಿಮಗೆ ಬೇಕಾದ ಗುಡ್ಡ ಆರಿಸಿಕೊಳ್ಳಿ. ಕ್ಯಾಮೆರಾವನ್ನು ಗುಡ್ಡದ ಬದಿ ಇಡಬೇಡಿ. ನದಿಯ ಬದಿಯೂ ಬೇಡ, ಶಿರೂರಿನಲ್ಲಿ ಆ ಬದಿಯೂ ಉಳಿಯಲಿಲ್ಲ.