ಸತ್ಯಾಂಶ: ಏಷ್ಯನ್ ಪೇಂಟ್ಸ್ ವಿದೇಶಿ ಕಂಪನಿಯೇ?

ಗಣೇಶನ ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವ ಹೊತ್ತಿಗೆ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: ‘ಏಷ್ಯನ್ ಪೇಂಟ್ಸ್ ವಿದೇಶಿ ಕಂಪನಿ, ಕೊಳ್ಳಬೇಡಿ.’ ಇದು ಸುಳ್ಳು.

ಕಂಪನಿ ಹುಟ್ಟಿದ್ದು ಇದೇ ಊರಿನ ಗಿರ್‌ಗಾಂವ್‌ನ ಗ್ಯಾರೇಜೊಂದರಲ್ಲಿ, 1942ರಲ್ಲಿ. ಯುದ್ಧಕಾಲದಲ್ಲಿ ಬಣ್ಣದ ಆಮದಿಗೆ ತಡೆ ಬಿದ್ದಿತ್ತು. ನಾಲ್ವರು ಗೆಳೆಯರು ಆ ಸಂದರ್ಭವನ್ನು ಬಳಸಿಕೊಂಡರು. ನಗರದ ದೊಡ್ಡ ವಿತರಕರು ವಿದೇಶಿ ಬ್ರ್ಯಾಂಡುಗಳ ಕೈಯಲ್ಲಿದ್ದುದರಿಂದ ಇವರು ಪುಟ್ಟ ಡಬ್ಬಿಗಳನ್ನು ಹಿಡಿದು ಸಣ್ಣ ಊರುಗಳ ಅಂಗಡಿಗಳಿಗೆ ಹೋದರು. 1967ರ ವೇಳೆಗೆ ದೇಶದ ಬಣ್ಣದ ಕಂಪನಿಗಳಲ್ಲಿ ಮೊದಲ ಸ್ಥಾನ. ಹಣೆಯ ಮೇಲೆ ಕೂದಲು ಇಳಿಬಿಟ್ಟು, ಕುಂಚ ಹಿಡಿದು ನಿಂತ, ಕಂಪನಿಯ ಜಾಹೀರಾತಿನ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಇದಕ್ಕಿಂತ ಸ್ವದೇಶಿ ಇನ್ನೇನು ಬೇಕೋ!

ಗೊಂದಲಕ್ಕೆ ಒಂದು ಎಳೆ ಇರಬಹುದು. 1997ರಲ್ಲಿ ಸ್ಥಾಪಕ ಕುಟುಂಬವೊಂದರ ಸುಮಾರು ಶೇ 9ರಷ್ಟು ಷೇರು ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಕಡೆಗೆ ಹೊರಟಿತ್ತು. ಆಡಳಿತ ಮಂಡಳಿ ಆ ವರ್ಗಾವಣೆಯನ್ನು ದಾಖಲಿಸಲು ಒಪ್ಪಲಿಲ್ಲ. ಐಸಿಐ ಕೊನೆಗೆ ಷೇರು ಮಾರಿ ಹೊರನಡೆಯಿತು. ವಿದೇಶಿ ಹೂಡಿಕೆದಾರರು ಇಂದೂ ಷೇರು ಹೊಂದಿದ್ದಾರೆ, ಆದರೆ ಅರ್ಧಕ್ಕಿಂತ ಹೆಚ್ಚು ಪಾಲು ಸ್ಥಾಪಕ ಕುಟುಂಬಗಳದ್ದೇ. ಪ್ರಧಾನ ಕಚೇರಿ ಸಾಂತಾಕ್ರೂಜ್‌ನಲ್ಲಿದೆ.

ನಿಜಕ್ಕೂ ವಿದೇಶಿ ಕೈಗೆ ಹೋದದ್ದು ಇನ್ನೊಂದು ಬಣ್ಣದ ಕಂಪನಿ, ನೆರೋಲ್ಯಾಕ್. ಅದೂ ಮುಂಬಯಿಯದೇ ಕೂಸು, 1920ರಲ್ಲಿ ಲೋವರ್ ಪರೇಲ್‌ನಲ್ಲಿ ಬೇರೆ ಹೆಸರಿನಿಂದ ಆರಂಭವಾಯಿತು. ಈಗ ಅದರ ಒಡೆತನ ಜಪಾನಿನ ಕನ್ಸಾಯ್ ಪೇಂಟ್‌ನದು. 2006ರಿಂದ ಕಂಪನಿಯ ಹೆಸರೇ ಕನ್ಸಾಯ್ ನೆರೋಲ್ಯಾಕ್.