ಸತ್ಯಾಂಶ: ಮೆದುಳಿನ ಅನ್ಯೂರಿಸಂ ರಬ್ಬರ್ ಬಲೂನಲ್ಲ

"ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿದ್ದರೆ ಒಂದು ಜೋರು ಸೀನು ಸಾಕು, ಒಡೆದೇ ಹೋಗುತ್ತದೆ" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹೋಲಿಕೆಯೇ ತಪ್ಪು.

ಬಲೂನ್ ಊದಿ ನೋಡಿ: ಮೊದಲ ಉಸಿರಿಗೆ ಕೆನ್ನೆ ನೋಯುತ್ತದೆ, ಆಮೇಲೆ ಸಲೀಸು. ಅನ್ಯೂರಿಸಂ, ಅಂದರೆ ರಕ್ತನಾಳದ ಈ ಉಬ್ಬಿನ ಗೋಡೆಯದು ತದ್ವಿರುದ್ಧ ಸ್ವಭಾವ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದರೆ ಮೊದಲು ಸುಲಭವಾಗಿ ಹಿಗ್ಗುತ್ತದೆ. ಅಂಕುಡೊಂಕಾಗಿದ್ದ ಕೊಲ್ಯಾಜನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳು ನೆಟ್ಟಗಾದ ಮೇಲೆ, ತುಂಬಿದ ಕೊಡ ಎತ್ತುವಾಗಿನ ಬಾವಿಹಗ್ಗದಂತೆ ಬಿಗಿಯುತ್ತದೆ. ರಬ್ಬರಿನ ಗುಣದ ಎಲಾಸ್ಟಿನ್ ಪದರ ಅಲ್ಲಿ ಬಹುಪಾಲು ನಾಶವಾಗಿರುತ್ತದೆ. ಕೊಲ್ಯಾಜನ್ ಸವೆದಂತೆ ಜೀವಕೋಶಗಳು ಹೊಸದನ್ನು ನೇಯುತ್ತವೆ. ಬಲೂನಿಗೆಲ್ಲಿದೆ ಆ ಭಾಗ್ಯ?

ಉರಿಯೂತ ಹೆಚ್ಚಿ ಈ ರಿಪೇರಿ ಸೋತಾಗಲೇ ಅಪಾಯ. ಒಂದೇ ಗುಳ್ಳೆಯಲ್ಲಿ ಒಂದು ಕಡೆ ಹಳದಿಯ ದಪ್ಪ ಗೋಡೆ, ಪಕ್ಕದಲ್ಲೇ ಒಳಗಿನ ರಕ್ತ ಕೆಂಪಗೆ ಕಾಣುವಷ್ಟು ತೆಳುವು ಇರಬಹುದು. ಸೀನಿದಾಗ ರಕ್ತದೊತ್ತಡ ಕ್ಷಣಕಾಲ ಏರುವುದು ನಿಜ. ಮೊದಲೇ ಸೋತ ಗೋಡೆಗೆ ಅದು ನೆಪವಾದೀತು, ಮೂಲ ಕಾರಣವಲ್ಲ.

ವಯಸ್ಕರಲ್ಲಿ ಸುಮಾರು 3% ಮಂದಿಗೆ ಅನ್ಯೂರಿಸಂ ಇರುತ್ತದೆ. ಹೆಚ್ಚಿನವು ಒಡೆಯುವುದೇ ಇಲ್ಲ. ಸೀನಿಗಿಂತ ಬೀಡಿ ಸಿಗರೇಟು, ಹತೋಟಿಯಿಲ್ಲದ ಬಿಪಿಗೆ ಹೆದರಿ. ಸಿಡಿಲು ಬಡಿದಂತೆ ಹಠಾತ್ತನೆ, ಎಂದೂ ಕಾಣದ ತಲೆನೋವು ಬಂದರೆ ಮಾತ್ರ ಫಾರ್ವರ್ಡ್ ಓದುತ್ತ ಕೂರದೆ ಆಸ್ಪತ್ರೆಗೆ ಓಡಿ.